ಮಿಡಿ ಮಾಗುವವರೆಗೆ

ನನ್ನ ತಂಗಿ ದೇವಾಜಿ ನಮ್ಮ ಮನೆಗೆ ಬಂದರೆ ಕೂರುವುದಿಲ್ಲ. ಚಪ್ಪಲಿ ಬಿಡದೆ ಹೊಸ್ತಿಲಾಚೆಗೇ ನಿಂತು, ಒಂದು ಕೈಯನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು, ಇನ್ನೊಂದು ಕೈಯ ಗಡಿಯಾರ ನೋಡಿಕೊಳ್ಳುತ್ತಾ ಮಾತಾಡುತ್ತಾಳೆ. ನಾನೂ ಕೂರು ಎನ್ನುವುದಿಲ್ಲ. ಆಚೆ ದಡದಿಂದ ಬಂದವರನ್ನು ಕೂರು ಎನ್ನುವುದು, ಒಂದು ತುತ್ತು ಉಂಡು ಹೋಗು ಎಂದು ಬಲವಂತ ಮಾಡುವುದು ನಮ್ಮೂರಿನಲ್ಲಿ ಮರ್ಯಾದೆಗೆಟ್ಟ ನಡವಳಿಕೆ. ಒಂದು ಮಧ್ಯಾಹ್ನ ಈ ದಡದಲ್ಲಿ ಉಳಿದರೆ ಹಣೆಯ ಮೇಲೆ ಗೆರೆ ಬೀಳುತ್ತದೆ ಎಂದು ಅವರ ನಂಬಿಕೆ. ಬೀಳುತ್ತದೋ ಇಲ್ಲವೋ, ಉಳಿದು ನೋಡಿದವರಿಲ್ಲ.

ನಾವಿಬ್ಬರೂ ಅವಳಿ. ಮೊದಲು ನಾನು ಬಂದೆ, ಸೂಲಗಿತ್ತಿ ನನ್ನ ಮೈ ತೊಳೆದು ಮುಗಿಸುವ ಮೊದಲೇ ಅವಳು ಬಂದಳು. ಒಂದೇ ಮೂಗು, ಒಂದೇ ಗಲ್ಲ, ಎಡ ಹುಬ್ಬಿನ ಮೇಲೆ ಒಂದೇ ತರಹದ ಮಚ್ಚೆ. ನಮ್ಮಮ್ಮ ನಮ್ಮನ್ನು ಗುರುತಿಸಲಾಗದೆ ಒಬ್ಬಳಿಗೇ ಎರಡು ಸಲ ಹರಳೆಣ್ಣೆ ಕುಡಿಸಿದ್ದುಂಟು. ಈಗ ಆ ತೊಂದರೆ ಇಲ್ಲ. ದೇವಾಜಿ ಬಾಗಿಲಲ್ಲಿ ನಿಂತಿದ್ದನ್ನು ಕಂಡ ಹೊಸಬರು, "ಏನ್ ಚೆನ್ನಾಜಮ್ಮ, ಮಗಳು ಬಂದವ್ಳಾ?" ಎಂದು ಕೇಳುತ್ತಾರೆ. ನಾನು ಹೌದು ಎಂದುಬಿಡುತ್ತೇನೆ. ಬಿಡಿಸಿ ಹೇಳುವಷ್ಟು ತಾಳ್ಮೆ ನನಗೆ ಹುಟ್ಟಿದಾಗಿನಿಂದ ಇಲ್ಲ.

ಊರಿನ ನಡುವೆ ಹೊಳೆ, ಹೊಳೆಯ ಮೇಲೆ ಒಂದು ಸೇತುವೆ. ಈಚೆ ಒಂದು ದೇಶ, ಆಚೆ ಇನ್ನೊಂದು. ಎರಡು ಕಡೆಯೂ ಅದೇ ಮಾತು, ಅದೇ ಮಾರಿಗುಡಿ, ಸಾರಿಗೆ ಅದೇ ಒಗ್ಗರಣೆ. ಬಾವುಟದ ಬಣ್ಣ ಬೇರೆ, ಅಷ್ಟೇ ಎಂದು ಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ಆದರೆ ಬೆಳಗ್ಗೆ ಕಾಯಿಸಿದ ಹಾಲು ಈಚೆ ಮಧ್ಯಾಹ್ನಕ್ಕೆ ಒಡೆಯುತ್ತದೆ, ಆಚೆ ಮುಂದಿನ ಸಂತೆಯವರೆಗೂ ಕೆನೆ ಕಟ್ಟಿಕೊಂಡು ಕೂತಿರುತ್ತದೆ. ಈಚೆ ಸುಣ್ಣ ಬಳಿದ ಗೋಡೆ ಮುಂದಿನ ಹಬ್ಬಕ್ಕೆ ಹಕ್ಕಳೆ ಏಳುತ್ತದೆ. ಈಚೆ ಸೇತುವೆ ಒಂದು ಸಲ ತೆರೆದು ಮುಚ್ಚಿ ಮತ್ತೆ ತೆರೆಯುವಷ್ಟರಲ್ಲಿ ತೊಟ್ಟಿಲಲ್ಲಿದ್ದ ಕೂಸು ಮಗ್ಗಿ ಒಪ್ಪಿಸುತ್ತಿರುತ್ತದೆ. ಆಚೆ ಅದೇ ಹೊತ್ತಿಗೆ ಹುಟ್ಟಿದ ಕೂಸು ಇನ್ನೂ ಕತ್ತು ನಿಲ್ಲಿಸಿರುವುದಿಲ್ಲ. ಅಲ್ಲಿಂದ ನಮಗೆ ಔಷಧಿ ಬರುತ್ತದೆ, ಧರ್ಮಕ್ಕೆ. ಡಬ್ಬಿ ಒಡೆಯುವಷ್ಟರಲ್ಲಿ ಅದು ಹಳೆಯದಾಗಿ ಕಹಿ ಕೂಡ ಉಳಿದಿರುವುದಿಲ್ಲ.

ಇಂಥ ದಡದಲ್ಲಿ ಜನ ಹೊಟ್ಟೆಗೆ ಏನು ಮಾಡುತ್ತಾರೆ? ಮಾಗಿಸುತ್ತಾರೆ. ಆಚೆಯವರಿಗೆ ಎಲ್ಲ ಹೊಸದೇ ಇದೆ, ಹಳೆಯದಕ್ಕೆ ಬರ. ಊಟಕ್ಕೆ ಹಳೇ ಅಕ್ಕಿ ಬೇಕು, ಸಾರಿಗೆ ಕಪ್ಪಾದ ಹಳೇ ಹುಣಸೆ ಬೇಕು, ಬಾಣಂತಿಗೆ ಹಳೇ ಬೆಲ್ಲ ಬೇಕು, ಬಾಗಿಲಿಗೆ ಒಣಗಿ ಬಿಗಿದ ಮರ ಬೇಕು. ಅವರ ದಡದಲ್ಲಿ ಅದೆಲ್ಲ ಆಗುವಷ್ಟರಲ್ಲಿ ಮೊಮ್ಮಕ್ಕಳ ಕಾಲ ಬಂದಿರುತ್ತದೆ. ಅದಕ್ಕೇ ಮೂಟೆಗಟ್ಟಲೆ ಈಚೆಗೆ ಕಳಿಸುತ್ತಾರೆ. ಹೊಳೆದಂಡೆಯುದ್ದಕ್ಕೂ ಅವರ ಮಾಗುಮನೆಗಳಿವೆ, ಹೆಂಚು ಹೊದಿಸಿದ ಉದ್ದುದ್ದ ಕೊಟ್ಟಿಗೆಗಳು. ಅಕ್ಕಿ ಒಂದು ಸುಗ್ಗಿ ಇಲ್ಲಿದ್ದು ಹಳೆಯದಾಗಿ ವಾಪಸು ಹೋಗುತ್ತದೆ. ಗಂಡಸರು ಮೂಟೆ ಹೊರುತ್ತಾರೆ, ಹೆಂಗಸರು ಉಪ್ಪಿನಕಾಯಿ ಜಾಡಿಗಳನ್ನು ನೋಡಿಕೊಳ್ಳುತ್ತಾರೆ. ನಾನು ಜಾಡಿಯವಳು. ಮರದ ಸೌಟಿನಿಂದ ತಿರುವಿ, ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲಿಗಿಟ್ಟು ತೆಗೆಯುವುದು ನನ್ನ ಕೆಲಸ. ಸಾಮಾನಿನ ಗಾಡಿ ದಿನಾ ಸೇತುವೆ ದಾಟುತ್ತದೆ, ಮೂಟೆಗೂ ಗಾಡಿಯವನಿಗೂ ಯಾರ ಅಪ್ಪಣೆಯೂ ಬೇಡ. ಉಳಿದ ಜನರಿಗೆ ಮಾತ್ರ ವರ್ಷಕ್ಕೊಂದೇ ದಿನ, ಸೇತುವೆ ದಿನ, ಅದೂ ಆಚೆಯವರು ಈಚೆಗೆ ಬಂದು ಸಂಜೆಯೊಳಗೆ ಹಿಂತಿರುಗುವುದಕ್ಕೆ. ಈಚೆಯವರು ದಾಟಬೇಕಾದರೆ ಆಚೆಯವರು ಬಂದು ಕೈಹಿಡಿದು ಕರೆದೊಯ್ಯಬೇಕು, ಹೆಂಡತಿ ಎಂದೋ, ಮಗು ಎಂದೋ.

ದೇವಾಜಿ ದಾಟಿದ್ದು ಹೆಂಡತಿಯಾಗಿ. ಒಂದು ಸೇತುವೆ ದಿನ ಹೆಣ್ಣು ನೋಡಲು ಬಂದವನು ಮಾಗುಮನೆಗಳ ಒಡೆಯರ ಪೈಕಿ. ಅವನ ಕಣ್ಣಿಗೆ ಇಬ್ಬರೂ ಒಂದೇ ಆಗಬೇಕಿತ್ತು, ಆದರೆ ನನಗೆ ಆ ವಾರ ಮಂಗನಬಾವು ಬಂದು ಕೆನ್ನೆ ಕುಂಬಳಕಾಯಿಯಾಗಿತ್ತು. ನಮ್ಮಮ್ಮ ನನ್ನನ್ನು ಹಿತ್ತಲಲ್ಲಿ ಕೂರಿಸಿದ್ದಳು. ಇವತ್ತಿಗೂ ಅದನ್ನು ನೆನೆದರೆ ನನಗೆ ನಗು ಬರುತ್ತದೆ, ಅದು ಒಳ್ಳೆಯ ನಗುವಲ್ಲ. ಒಂದು ಕೆನ್ನೆ ಊದಿದ್ದಕ್ಕೆ ಒಬ್ಬಳ ತಲೆ ಬೆಳ್ಳಗಾಯಿತು, ಇನ್ನೊಬ್ಬಳು ಇವತ್ತಿಗೂ ಮದುವೆಯ ರವಿಕೆಯನ್ನೇ ತೊಡುತ್ತಾಳೆ. ನನಗೆ ಬೊಮ್ಮಯ್ಯ ಸಿಕ್ಕಿದ, ಅಕ್ಕಿ ಮಾಗುಮನೆಯಲ್ಲಿ ಮೂಟೆ ಹೊರುವವನು. ಧಾರೆ ಎರೆಯುವಾಗ ಮೀಸೆ ಆಗತಾನೇ ಚಿಗುರಿತ್ತು. ಮಗಳು ಹೊಂಬಾಳೆ ಹುಟ್ಟುವ ಹೊತ್ತಿಗೆ ಅವನು ಹಲ್ಲುನೋವು, ಮಂಡಿನೋವು ಎನ್ನುತ್ತಿದ್ದ. ಕೆಟ್ಟವನಲ್ಲ. ಕೆಟ್ಟವನಾಗಲು ಅವನಿಗೆ ಪುರಸೊತ್ತಾಗಲಿಲ್ಲ.

ಎರಡು ದಡದ ಬಾಳನ್ನು ಹೋಲಿಸಿ ನೋಡುವುದಕ್ಕೆ ಎಂದೇ ಆಚೆ ಸರ್ಕಾರದವರು ಪ್ರತಿ ಸೇತುವೆ ದಿನ ಜೀಪಿನಲ್ಲಿ ಬರುತ್ತಾರೆ. ಇಂಜಿನ್ ಆರಿಸುವುದಿಲ್ಲ, ಗಾಜು ಎರಡು ಬೆರಳು ಇಳಿಸುತ್ತಾರೆ. ಒಂದು ಸಲ ಒಬ್ಬ ಚೆಂದದ ಹುಡುಗ ನಮ್ಮ ಬಾಗಿಲ ಮುಂದೆ ಜೀಪು ನಿಲ್ಲಿಸಿ, "ಅಮ್ಮಾ, ಮನೆಗೆ ನಲ್ಲಿ ನೀರು ಬರುತ್ತಾ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ನೀವು ಸಂತೋಷವಾಗಿದೀರಾ? ತುಂಬಾನಾ, ಸುಮಾರಾ, ಇಲ್ವಾ?" ಎಂದು ಕೇಳಿದ.

"ನೀನು ಆ ಇಂಜಿನ್ ಆರಿಸಿ ಕೆಳಗಿಳಿದು ಒಂದು ಲೋಟ ನೀರು ಕುಡಿಯಪ್ಪ. ಆಮೇಲೆ ಹೇಳ್ತೀನಿ," ಎಂದೆ.

ಅವನು ನಕ್ಕು ಗಾಜು ಏರಿಸಿದ. ಏರಿಸುವಾಗ ಹೇಳಿದ, "ಹೋದ ವರ್ಷ ನಿಮ್ಮ ಮಗಳು ಇದ್ರು ಅನ್ಸುತ್ತೆ, ಅವರೂ ಹೀಗೇ ಅಂದ್ರು." ಹೋದ ವರ್ಷ ಅಂದವಳೂ ನಾನೇ. ಅವನ ಮುಖದ ಮೇಲೆ ಆ ಒಂದು ವರ್ಷದ ಗುರುತೇ ಇರಲಿಲ್ಲ, ಮೊಡವೆ ಕೂಡ ಇದ್ದ ಜಾಗದಲ್ಲೇ ಇತ್ತು. ಆಮೇಲೆ ಅವರ ವರದಿಯನ್ನು ರೇಡಿಯೋದಲ್ಲಿ ಓದಿದರು. ಈಚೆ ದಡದಲ್ಲಿ ಮಕ್ಕಳು ಬೇಗ ದುಡಿಮೆಗೆ ಬರುತ್ತಾರೆ, ಅನುಭವಸ್ಥರು ಹೆಚ್ಚು, ದುಃಖಗಳು ಬೇಗ ಹಳೆಯವಾಗುತ್ತವೆ, ಹೀಗೆ ಅನೇಕ ಅನುಕೂಲಗಳಿವೆ ಎಂದು. ಬೊಮ್ಮಯ್ಯ ರೇಡಿಯೋ ಕಿವಿ ಹಿಂಡಿ ಆರಿಸಿದ. ಅವನಿಗೆ ಸಿಟ್ಟು ಬಂದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊಂಬಾಳೆ ಬೆಳೆಯುವುದನ್ನು ನಾನು ನೋಡಿದೆ ಎನ್ನಲಾರೆ. ನೋಡಲು ಕಣ್ಣೆತ್ತುವಷ್ಟರಲ್ಲಿ ಬೆಳೆದಿರುತ್ತಿದ್ದಳು. ಹಬ್ಬಕ್ಕೆ ಹೊಲಿಸಿದ ಲಂಗ ದೀಪಾವಳಿಗೆ ಮೊಣಕಾಲಿಗೆ ಬರುತ್ತಿತ್ತು. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು, ಬಿಲ್ಲೆಗೆಂದು ಹೊಳೆಯಿಂದ ಚಪ್ಪಟೆ ಕಲ್ಲು ಆರಿಸಿ ತಂದು, ಆಡಲು ಜೊತೆಯವರನ್ನು ಕರೆದರೆ ಅವರಾಗಲೇ ಜಡೆ ಹೆಣೆದುಕೊಂಡು ಮಾಗುಮನೆಗೆ ಹೊರಟಿರುತ್ತಿದ್ದರು. ಅವಳು ಒಬ್ಬಳೇ ಎರಡೂ ಕಡೆ ಆಡುತ್ತಿದ್ದಳು. ಒಂದು ದಿನ ನಮ್ಮ ಮಾಗುಮನೆಯ ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮುಂದಿನ ಹುಣಸೆ ಸುಗ್ಗಿಗೆ ಈ ಹುಡುಗೀನೂ ಬರ್ಬೋದು ಬಿಡು," ಎಂದ. ಅವಳಿನ್ನೂ ಹಾಲುಹಲ್ಲಿನವಳು, ಮುಂದಿನ ಒಂದು ಹಲ್ಲು ಆಗತಾನೇ ಅಲುಗುತ್ತಿತ್ತು. ನನ್ನ ಮಗಳ ಬಾಲ್ಯ ಇನ್ನೊಂದು ಸುಗ್ಗಿಯಷ್ಟು ಉಳಿದಿದೆ ಎಂದು ಮೇಸ್ತ್ರಿ ಬಾಯಲ್ಲಿ ಕೇಳಬೇಕಾಯಿತು.

ಅದರ ಹಿಂದೆಯೇ ಸೇತುವೆ ದಿನ ಬಂತು, ದೇವಾಜಿ ಬಂದು ಚೌಕಟ್ಟು ಹಿಡಿದು ನಿಂತಳು. ಅವಳಿಗೆ ಮಕ್ಕಳಿರಲಿಲ್ಲ. ಆಚೆ ದಡದಲ್ಲಿ ಬಸಿರು ಕಟ್ಟುವುದು ನಿಧಾನ, ಇಳಿಯುವುದು ಇನ್ನೂ ನಿಧಾನ. ಎಷ್ಟೋ ಹೆಂಗಸರು ಬೇಸತ್ತು ಆ ಗೊಡವೆಗೇ ಹೋಗುವುದಿಲ್ಲವಂತೆ. ಅವಳು ಅಂಗಳದಲ್ಲಿ ಕುಂಟುತ್ತಿದ್ದ ಹೊಂಬಾಳೆಯನ್ನು ನೋಡಿದಳು, ಗಡಿಯಾರ ನೋಡಿದಳು.

"ಅಕ್ಕಾ, ಸುತ್ತಿ ಬಳಸಿ ಹೇಳೋಕೆ ನನಗೆ ಹೊತ್ತಿಲ್ಲ. ಇವಳನ್ನ ನನಗೆ ಕೊಡು."

"ಬೆಕ್ಕಿನಮರಿ ಕೇಳ್ದಂಗೆ ಕೇಳ್ತಿದೀಯಲ್ಲೇ."

"ಬೈಯಿ, ಪರವಾಗಿಲ್ಲ. ಆದ್ರೆ ಯೋಚನೆ ಮಾಡು. ಅಲ್ಲಿ ಇವಳು ಇನ್ನೂ ಎಷ್ಟೋ ಕಾಲ ಹೀಗೇ ಆಡ್ಕೊಂಡಿರ್ತಾಳೆ. ಜೊತೆಗೆ ಆಡೋ ಮಕ್ಕಳೂ ಮಕ್ಕಳಾಗೇ ಇರ್ತಾರೆ. ಜ್ವರ ಬಂದ್ರೆ ಡಾಕ್ಟರು ಬರೋವರೆಗೂ ಜ್ವರಾನೇ ಕಾಯುತ್ತೆ. ಇಲ್ಲಿ ಏನಿದೆ ಅಕ್ಕಾ?"

"ನಾನಿದೀನಿ."

ದೇವಾಜಿ ನನ್ನ ಮುಖವನ್ನೇ ನೋಡಿದಳು. ನನ್ನ ಮುಖದಲ್ಲಿ ಅವಳಿಗೆ ಅವಳದ್ದೇ ಮುಖ ಕಂಡಿರಬೇಕು, ಈಚೆ ದಡದಲ್ಲಿ ಉಳಿದಿದ್ದರೆ ಆಗುತ್ತಿದ್ದ ಮುಖ. ಅವಳ ಕಣ್ಣು ತುಂಬಿದ್ದು ನನಗಾಗಿಯೋ ಅವಳಿಗಾಗಿಯೋ ನಾನು ಕೇಳಲಿಲ್ಲ. "ನೀನು ಎಷ್ಟು ದಿನ ಇರ್ತೀಯಕ್ಕಾ?" ಎಂದಳು ಕೊನೆಗೆ, ಮೆತ್ತಗೆ. ಆ ಮಾತಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ನಿಜವೇ ಆಡಿದ್ದಳು, ಅದಕ್ಕೇ.

ಬೊಮ್ಮಯ್ಯನನ್ನು ಕೇಳಿದೆ. "ಅಕ್ಕೀನ ಈ ಕಡೆ ಇಟ್ರೆ ಬೆಲೆ ಬರ್ತದೆ, ಮಕ್ಳನ್ನ ಆ ಕಡೆ ಇಟ್ರೆ ಬೆಲೆ ಬರ್ತದೆ," ಎಂದ. "ಕಳ್ಸು. ಆದ್ರೆ ನಾನು ಸೇತುವೆ ತಂಕ ಬರಾಕಿಲ್ಲ ಕಣೆ." ಅವನು ಮೂಟೆ ಹೊರಲು ಹೊರಟುಹೋದ. ಹೋಗುವಾಗ ಮಗಳ ಕುಂಟೆಬಿಲ್ಲೆ ಗೀಟುಗಳನ್ನು ತುಳಿಯದಂತೆ ಸುತ್ತಿ ಬಳಸಿ ಹೋದ.

ನಾನು ಆ ಬೆಳಗ್ಗೆಯೇ ಮಾವಿನ ಮಿಡಿ ತೊಳೆದು ಒರೆಸಿ ಉಪ್ಪಿಗೆ ಹಾಕಲು ಇಟ್ಟಿದ್ದೆ, ಮನೆಯ ಖರ್ಚಿಗೆ. ಅಮ್ಮನ ಕಾಲದ ಒಂದು ಜಾಡಿ ಇತ್ತು, ಕಂದು ಬಣ್ಣದ್ದು, ಕಂಠದ ಹತ್ತಿರ ಮುಕ್ಕಾಗಿದ್ದು. ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಮಿಡಿಗಳನ್ನು ಅದರಲ್ಲಿ ತುಂಬಿ, ಕಲ್ಲುಪ್ಪು ಸುರಿದು, ಬಾಯಿಗೆ ನನ್ನ ಹಳೇ ಸೀರೆಯ ಅಂಚು ಕಟ್ಟಿದೆ. ಬೇರೆ ಏನು ಕೊಟ್ಟು ಕಳಿಸುವುದು? ಲಂಗಗಳು ಅವಳಿಗೆ ಆಗಲೇ ಗಿಡ್ಡವಾಗಿದ್ದವು. ಸೇತುವೆಯ ಮೇಲೆ ಹೊಂಬಾಳೆ ಒಂದು ಕೈಯಲ್ಲಿ ಜಾಡಿ ಅಪ್ಪಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಸೆರಗು ಹಿಡಿದಳು.

"ನೀನು ಯಾವಾಗ ಬರ್ತೀಯವ್ವ?"

ಏನಾದರೂ ಹೇಳಬೇಕಿತ್ತು. "ಈ ಮಿಡಿ ಮಾಗ್ಲಿ, ಬರ್ತೀನಿ," ಎಂದೆ.

ಅವಳಿಗೆ ಸಮಾಧಾನವಾಯಿತು. ಅವಳು ಕಂಡಂತೆ ಮಿಡಿ ಮಾಗುವುದೆಂದರೆ ನಾಳೆ ನಾಡಿದ್ದಿನ ಮಾತು. ಆಚೆ ದಡದಲ್ಲಿ ಅದು ಮಾಗುವ ಹೊತ್ತಿಗೆ ನನ್ನ ಮೂಳೆಯೂ ಉಳಿದಿರುವುದಿಲ್ಲ ಎಂದು ನನಗೆ ಗೊತ್ತಿತ್ತು, ದೇವಾಜಿಗೆ ಗೊತ್ತಿತ್ತು. ದೇವಾಜಿ ಮುಖ ಆಚೆ ತಿರುಗಿಸಿದಳು. ಅಲುಗುವ ಹಲ್ಲನ್ನು ನಾಲಗೆಯಿಂದ ತಳ್ಳುತ್ತಾ ನನ್ನ ಮಗಳು ಚಿಕ್ಕಮ್ಮನ ಕೈಹಿಡಿದು ನಡೆದಳು.

ದುಃಖ ಇಲ್ಲಿ ಬೇಗ ಹಳೆಯದಾಗುತ್ತದೆ ಎಂದರಲ್ಲ ರೇಡಿಯೋದಲ್ಲಿ, ಅವರನ್ನು ಹಿಡಿದು ತಂದು ನಮ್ಮ ಜಗಲಿಯ ಮೇಲೆ ಕೂರಿಸಬೇಕು. ಹಳೆಯದಾಗುತ್ತದೆ, ನಿಜ. ಹುಣಸೆ ಹಳೆಯದಾದರೆ ಹುಳಿ ಹೋಗುತ್ತದೆಯೇ? ನಾನು ಮಾಗುಮನೆಯಲ್ಲಿ ಜಾಡಿ ತಿರುವುತ್ತಾ ಆಚೆ ದಡ ನೋಡುತ್ತಿದ್ದೆ. ಅಲ್ಲಿ ಮಕ್ಕಳು ಆಡುವ ಮರಳಗುಡ್ಡೆ ಕಾಣುತ್ತದೆ, ಆದರೆ ಅಷ್ಟು ದೂರಕ್ಕೆ ಯಾವ ಮಗು ಯಾರದೋ ತಿಳಿಯುವುದಿಲ್ಲ. ಆಮೇಲೆ ಕಣ್ಣಿಗೆ ಪೊರೆ ಬಂತು, ಮರಳಗುಡ್ಡೆಯೂ ಹೋಯಿತು. ಮುಂದಿನ ಸೇತುವೆ ದಿನ ದೇವಾಜಿ ಒಬ್ಬಳೇ ಬಂದಳು. ಹೊಂಬಾಳೆ ಚೆನ್ನಾಗಿದ್ದಾಳೆ, ಜೊತೆಗಾರರು ಸಿಕ್ಕಿದ್ದಾರೆ, ಇಲ್ಲಿಗೆ ಕರೆತಂದರೆ ಸುಮ್ಮನೆ ಮುಖ ಬಾಡುತ್ತದೆ ಎಂದಳು. "ಅಮ್ಮ ಹೇಗಿದಾಳೆ ಅಂತ ಕೇಳ್ತಾಳೆ. ನನ್ನ ಹಾಗೇ ಇದಾಳೆ, ನನ್ನ ಮುಖ ನೋಡ್ಕೋ, ಅಮ್ಮನ್ನೇ ನೋಡಿದ ಹಾಗೆ, ಅಂತ ಹೇಳ್ತೀನಿ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದರಾಚೆಯ ವರ್ಷ ದೇವಾಜಿಯೂ ಬರಲಿಲ್ಲ, ಅದರಾಚೆಗೂ ಇಲ್ಲ. ಬೊಮ್ಮಯ್ಯ ಮೂಟೆ ಬಿಟ್ಟು ಗೋಡೆಗೊರಗಿ ಕೂರುವಂತಾದ. ಮೇಸ್ತ್ರಿ ಸತ್ತು ಅವನ ಮಗ ಮೇಸ್ತ್ರಿಯಾದ, ಅವನ ಮಂಡಿಯೂ ಈಗಾಗಲೇ ಕಟಕಟ ಎನ್ನುತ್ತದೆ.

ಹೋದ ಸೇತುವೆ ದಿನ ನಾನು ಮನೆಯಲ್ಲಿ ಇರಲಿಲ್ಲ. ಬರುವವರಿಲ್ಲ ಎಂದ ಮೇಲೆ ಮನೆಯಲ್ಲಿ ಕೂತು ಬಾಗಿಲು ನೋಡುವ ಹುಚ್ಚು ಯಾಕೆ ಎಂದು ಮಾಗುಮನೆಗೆ ಹೋಗಿದ್ದೆ. ಬಿಸಿಲಿಗಿಟ್ಟ ಜಾಡಿಗಳ ಸಾಲಿನ ನಡುವೆ ಒಂದು ಸಣ್ಣ ಹುಡುಗಿ ಬಂದು ನಿಂತಳು. ಪೊರೆಯ ಕಣ್ಣಿಗೆ ಮೊದಲು ಕಂಡಿದ್ದು ಜಾಡಿ. ಕಂದು ಬಣ್ಣ, ಕಂಠದ ಹತ್ತಿರ ಮುಕ್ಕು, ಬಾಯಿಗೆ ನನ್ನ ಸೀರೆಯ ಅಂಚು. ಆಮೇಲೆ ಹುಡುಗಿಯ ಮುಖ ನೋಡಿದೆ. ಹೋದಾಗಿನಷ್ಟೇ ಎತ್ತರ. ಅಲುಗುತ್ತಿದ್ದ ಹಲ್ಲು ಬಿದ್ದಿತ್ತು. ಆಗತಾನೇ ಬಿದ್ದಿರಬೇಕು, ವಸಡು ಇನ್ನೂ ಕೆಂಪಗಿತ್ತು.

"ಅಜ್ಜೀ," ಎಂದಳು ಹೊಂಬಾಳೆ, "ಇದನ್ನ ಮಾಗಿಸಿ ಕೊಡ್ತೀರಾ?"

ನಾನು ಆ ಕೆಂಪು ವಸಡನ್ನೇ ನೋಡುತ್ತಿದ್ದೆ. ಅವಳು ನನಗೆ ಕಿವಿ ಕೇಳುವುದಿಲ್ಲ ಎಂದುಕೊಂಡು ಹತ್ತಿರ ಬಂದು ಜೋರಾಗಿ ಹೇಳಿದಳು, "ನಮ್ಮ ಕಡೆ ಇದು ಮಾಗೋದೇ ಇಲ್ಲ ಅಜ್ಜೀ. ದಿನಾ ಬಿಚ್ಚಿ ನೋಡ್ತೀನಿ, ಹಸಿರಾಗೇ ಇರುತ್ತೆ. ಇಲ್ಲಾದ್ರೆ ಬೇಗ ಮಾಗುತ್ತಲ್ಲ? ಮಾಗಿದ ತಕ್ಷಣ ನಮ್ಮಮ್ಮ ಬರ್ತಾಳೆ."

"ಯಾರ ಜೊತೆ ಬಂದೆ ಮಗಾ?"

"ಚಿಕ್ಕಮ್ಮನ ಜೊತೆ. ಅವರು ಸೇತುವೆ ಮೇಲೇ ನಿಂತಿದಾರೆ. ಇಳಿದ್ರೆ ವಯಸ್ಸಾಗುತ್ತಂತೆ. ಬೇಗ ಕೊಟ್ಟು ಓಡಿ ಬಾ ಅಂದ್ರು." ಅವಳು ಅತ್ತಿತ್ತ ನೋಡಿದಳು. "ನಮ್ಮಮ್ಮ ಇಲ್ಲೇ ಕೆಲಸ ಮಾಡೋದು. ಚೆನ್ನಾಜಿ ಅಂತ. ಥೇಟ್ ಚಿಕ್ಕಮ್ಮನ ಹಾಗೇ ಇದಾಳೆ, ಇಲ್ಲಿ ಮಚ್ಚೆ ಇದೆ. ನೀವು ನೋಡಿದೀರಾ?" ಎಂದು ತನ್ನ ಎಡ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದಳು.

ನನ್ನ ಹುಬ್ಬಿನ ಕೂದಲು ಉದುರಿ ಬಹಳ ದಿನವಾಗಿತ್ತು, ಮಚ್ಚೆ ಸುಕ್ಕಿನೊಳಗೆ ಸೇರಿಕೊಂಡಿತ್ತು. ಸೆರಗು ಸರಿಸಿ ತೋರಿಸಬಹುದಿತ್ತು. ನಾನೇ ಕಣೇ ಎನ್ನಬಹುದಿತ್ತು. ಅಂದಿದ್ದರೆ ಅವಳು ಅಳುತ್ತಿದ್ದಳು, ನಂಬಲು ಹೊತ್ತು ತಗೊಳ್ಳುತ್ತಿದ್ದಳು, ನಂಬಿದ ಮೇಲೆ ನನ್ನ ಮಡಿಲಲ್ಲಿ ಕೂತುಬಿಡುತ್ತಿದ್ದಳು. ನಾನು ಅವಳನ್ನು ಎಬ್ಬಿಸುತ್ತಿರಲಿಲ್ಲ. ನನ್ನನ್ನು ನಾನು ಬಲ್ಲೆ. ಸಂಜೆ ಸೇತುವೆ ಮುಚ್ಚುತ್ತಿತ್ತು, ಇನ್ನೊಂದು ಸಲ ತೆರೆಯುವಷ್ಟರಲ್ಲಿ ಅವಳಿಗೆ ಜಡೆ, ಕೈಯಲ್ಲಿ ಮರದ ಸೌಟು.

"ನೋಡಿದೀನಿ," ಎಂದೆ. "ಹೊಳೆಗೆ ಹೋಗವ್ಳೆ. ಚೆನ್ನಾಗವ್ಳೆ. ನಿನ್ ಚಿಕ್ಕಮ್ಮನಂಗೇ ಅವ್ಳೆ."

ಅವಳ ಮುಖ ಅರಳಿತು. ಜಾಡಿಯನ್ನು ಎರಡೂ ಕೈಯಿಂದ ನನಗೆ ಕೊಟ್ಟಳು. ಅವಳ ಬೆರಳು ನನ್ನ ಬೆರಳಿಗೆ ತಾಗಿತು, ನನ್ನ ಚರ್ಮದ ಒರಟಿಗೆ ತಟ್ಟನೆ ಹಿಂದಕ್ಕೆಳೆದುಕೊಂಡಳು. "ನಾನು ಅಮ್ಮ ಬರೋವರೆಗೂ ಕೂತಿರ್ಲಾ?" ಎಂದು ಅಲ್ಲಿದ್ದ ಮಣೆಯ ಕಡೆ ನೋಡಿದಳು.

"ಕೂರ್‌ಬ್ಯಾಡ!" ಎಂದು ಕಿರುಚಿದೆ. ಅಕ್ಕಪಕ್ಕದ ಹೆಂಗಸರು ತಿರುಗಿ ನೋಡಿದರು. ಹುಡುಗಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. "ಓಡು. ನಿಲ್ಲಬ್ಯಾಡ ಇಲ್ಲಿ. ಮಾಗಿದ್ಮೇಲೆ ಗಾಡೀಲಿ ಕಳಿಸ್ತೀನಿ, ಓಡು."

ಅವಳು ಓಡಿದಳು. ಸೇತುವೆಯ ಮೇಲೆ ದೇವಾಜಿ ಎಲ್ಲಿ ನಿಂತಿದ್ದಳೋ ನನಗೆ ಕಾಣಲಿಲ್ಲ. ಕಂಡಿದ್ದರೂ ಬೈಯುವುದಕ್ಕೆ ಏನಿತ್ತು? ಅವಳು ಮಗುವಿನ ಮಾತು ಮೀರಲಾರದೆ ಕರೆತಂದಿದ್ದಳು, ಇಳಿಯಲಾರದೆ ನಿಂತಿದ್ದಳು. ನಮ್ಮನ್ನು ಹೆತ್ತವಳು ಒಬ್ಬಳೇ, ಹೆದರಿಕೆ ಮಾತ್ರ ಅವಳ ದಡದಲ್ಲಿ ಚೆನ್ನಾಗಿ ಬೆಳೆಯುತ್ತದೆ.

ಜಾಡಿಯನ್ನು ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಮಾಗುವುದಕ್ಕೆ ಅದೇನು ಹೊತ್ತು! ಮಿಡಿ ಸುರುಟಿತು, ಉಪ್ಪು ನೀರಾಯಿತು. ಸಾಸಿವೆ ಖಾರ ಅರೆದು ಕಲಸಿದೆ. ಮನೆಯೆಲ್ಲ ಘಮ್ಮೆಂದಿತು. ಬೊಮ್ಮಯ್ಯ ಗೋಡೆಗೊರಗಿದ್ದವನು ಮೂಗರಳಿಸಿ, "ಯಾರ್ ಮನೇದೇ ಉಪ್ಪಿನಕಾಯಿ?" ಎಂದ. ಹೇಳಿದೆ. ಅವನು ತಲೆ ತಗ್ಗಿಸಿದ. "ಮಾಗಿದ್ನ ಕಳಿಸ್ತೀಯಾ?" ಎಂದು ಕೇಳಿದ.

ಕಳಿಸಿದರೆ ಅವಳು ಬಾಗಿಲಲ್ಲಿ ನಿಂತು ನನ್ನ ದಾರಿ ಕಾಯುತ್ತಾಳೆ. ಆ ದಡದಲ್ಲಿ ಕಾಯುವುದೂ ನಿಧಾನವಾಗಿಯೇ ಮುಗಿಯುತ್ತದೆ. ಕಳಿಸದಿದ್ದರೆ ಅವಳು ಮತ್ತೆ ಸೇತುವೆ ದಾಟಿ ಕೇಳಲು ಬರುತ್ತಾಳೆ. ಎರಡೂ ಆಗಬಾರದು. ಮಾಗಿದ್ದನ್ನು ಬಟ್ಟಲಿಗೆ ಬಗ್ಗಿಸಿ ಬೊಮ್ಮಯ್ಯನ ಮುಂದಿಟ್ಟೆ. ಇಬ್ಬರೂ ಅನ್ನಕ್ಕೆ ಕಲಸಿಕೊಂಡು ಉಂಡೆವು. ಹಲ್ಲಿಲ್ಲದ ಬಾಯಿಗೆ ಮೆತ್ತಗಿತ್ತು, ರುಚಿಯಾಗಿತ್ತು. ಅಷ್ಟು ರುಚಿಯಾದ ಉಪ್ಪಿನಕಾಯಿ ನಾನು ಹಿಂದೆಂದೂ ಹಾಕಿರಲಿಲ್ಲ, ಅದಕ್ಕೂ ನನಗೆ ಅಳು ಬಂತು.

ಬೆಳಗ್ಗೆ ಜಾಡಿ ತೊಳೆದು ಒರೆಸಿ ಬಿಸಿಲಿಗಿಟ್ಟೆ. ಪಕ್ಕದ ಮನೆಯ ಮರದಿಂದ ಎಳೇ ಮಿಡಿ ಕೀಳಿಸಿಕೊಂಡು ಬಂದು, ತೊಟ್ಟು ಮುರಿಯದಂತೆ ಆರಿಸಿ, ಅದೇ ಜಾಡಿಗೆ ತುಂಬಿ ಕಲ್ಲುಪ್ಪು ಸುರಿದೆ. ಬಾಯಿಗೆ ಅದೇ ಸೀರೆಯ ಅಂಚು ಕಟ್ಟಿದೆ. ಗಂಟು ಕೂಡ ಹಿಂದಿನಂತೆಯೇ ಎಡಕ್ಕೆ ಬರುವ ಹಾಗೆ ಹಾಕಿದೆ. ಅದು ಇಲ್ಲಿ ಕೂತು ಬಣ್ಣ ತಿರುಗುವ ಮೊದಲು ದಾಟಬೇಕಿತ್ತು, ಹಾಗಾಗಿ ಕಂಕುಳಲ್ಲಿಟ್ಟುಕೊಂಡು ನನ್ನ ಕಾಲು ಎಷ್ಟು ಬೇಗ ನಡೆಯುತ್ತದೋ ಅಷ್ಟು ಬೇಗ ಗಾಡಿ ಕಟ್ಟೆಗೆ ನಡೆದೆ.

ಗಾಡಿಯವನು ಮೂಟೆಗಳನ್ನು ಸರಿಸಿ ಜಾಗ ಮಾಡಿದ. ಬಟ್ಟೆ ಎತ್ತಿ ಒಳಗೆ ಇಣುಕಿದ. "ಏನಜ್ಜೀ ಇದು, ಇನ್ನೂ ಹಸಿ ಅದೆ. ಮಾಗಿಸ್ದೆ ಯಾರಾದ್ರೂ ವಾಪಸ್ ಕಳಿಸ್ತಾರಾ?"

"ಇನ್ನೂ ಮಾಗಿಲ್ಲ, ಸ್ವಲ್ಪ ಕಾಯಬೇಕಂತೆ ಅಂತ ಹೇಳಪ್ಪ, ದೇವಾಜಿ ಮನೆ ಹುಡುಗಿಗೆ," ಎಂದೆ. ಗಾಡಿ ಸೇತುವೆ ಹತ್ತಿತು.